ಬೇಸಿಗೆ ಬಂದೊಡನೆ 200 ಯೂನಿಟ್ ದಾಟುವ ಮನೆಗೆ ಏನು ಉಪಾಯ?

ಪ್ರಶ್ನೆ (ರಾಯಚೂರು): ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ತಿಂಗಳಿಗೆ 154 ಯೂನಿಟ್ ಉಚಿತವಿದ್ದು, ಚಳಿಗಾಲದಲ್ಲಿ ಸೊನ್ನೆ ಬಿಲ್ಲು ಬರುತ್ತದೆ. ಮಾರ್ಚ್ ಕಳೆಯುತ್ತಿದ್ದಂತೆ ಬಳಕೆ 200 ದಾಟಿ, ಪೂರ್ತಿ ಹಣ ಕಟ್ಟಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದ ಅತ್ತೆಯವರಿರುವುದರಿಂದ ಕೂಲರ್ ನಿಲ್ಲಿಸಲಾಗದು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕಲಬುರಗಿಯಿಂದ: ಅಕ್ಕಾ, ಕೂಲರ್ ನಿಲ್ಲಿಸುವ ಅಗತ್ಯವೇ ಇಲ್ಲ. 180 ವಾಟಿನ ಕೂಲರ್ ಹತ್ತು ಗಂಟೆ ಓಡಿದರೂ ಎರಡು ಯೂನಿಟ್ ಮುಟ್ಟುವುದಿಲ್ಲ. ತಮ್ಮ ಬಳಕೆ 190 ಆದರೆ ಹೆಚ್ಚುವರಿ 36 ಯೂನಿಟ್ಟಿಗಷ್ಟೇ ಹಣ ಕಟ್ಟುತ್ತೀರಿ, 201 ಆದರೆ ಅಷ್ಟೂ ಯೂನಿಟ್ಟಿಗೆ ಕಟ್ಟುತ್ತೀರಿ. ಹಾಗಾಗಿ ಬೇಸಿಗೆಯಲ್ಲಿ ಸೊನ್ನೆ ಬಿಲ್ಲಿನ ಆಸೆಗಿಂತ 200ರ ಒಳಗೆ ಉಳಿಯುವ ಪ್ರಯತ್ನವೇ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಮೊದಲು ಫ್ಯಾನುಗಳನ್ನು ನೋಡಿ. ಹಳೆಯ 75 ವಾಟಿನ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ ಆಗುತ್ತದೆ, ಅದರ ಜಾಗದಲ್ಲಿ 30 ವಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಸುಮಾರು 11. ಎಂದರೆ ಹೆಚ್ಚು ಓಡುವ ಎರಡು ಫ್ಯಾನು ಬದಲಿಸಿದರೆ 32 ಯೂನಿಟ್ ಉಳಿಯುತ್ತದೆ. ಇನ್ನು ಗೀಸರ್: ನಮ್ಮ ಕಡೆ ಮಾರ್ಚಿನಿಂದ ಮೇಲಿನ ಟ್ಯಾಂಕಿನ ನೀರು ತಾನೇ ಬಿಸಿಯಾಗಿ ಬರುತ್ತದೆ, ಆದರೂ ಅನೇಕ ಮನೆಗಳಲ್ಲಿ ಬೆಳಿಗ್ಗೆ ರೂಢಿಯಿಂದ ಸ್ವಿಚ್ಚು ಹಾಕುತ್ತಾರೆ. ಎರಡು ಕಿಲೋವಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಕಾದರೂ ತಿಂಗಳಿಗೆ 30 ಯೂನಿಟ್. ಕೂಲರ್ ಹಾಕಿದಾಗ ಎದುರಿನ ಕಿಟಕಿ ತೆರೆದಿಡಿ. ತೇವದ ಗಾಳಿ ಹೊರಗೆ ಹೋಗದಿದ್ದರೆ ಕೋಣೆ ತಂಪಾಗುವುದಿಲ್ಲ. ಮಾಳಿಗೆಗೆ ಬಿಸಿಲು ಏರುವ ಮುಂಚೆ ಸುಣ್ಣ ಬಳಿಸಿದರೆ ರಾತ್ರಿಯ ಧಗೆಯೂ ತಗ್ಗುತ್ತದೆ.

ಮಂಗಳೂರಿನಿಂದ: ಕರಾವಳಿಯವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದು ಮಾತು. ನಮ್ಮಲ್ಲಿ ಗಾಳಿಯೇ ತೇವವಾಗಿರುವುದರಿಂದ ಕೂಲರಿನಿಂದ ಹೆಚ್ಚು ಪ್ರಯೋಜನವಿಲ್ಲ. ಎಸಿ ಇರುವವರು 24 ಡಿಗ್ರಿಗಿಂತ ಕೆಳಗಿಳಿಸದೆ ಜೊತೆಗೆ ಫ್ಯಾನು ಹಾಕಿಕೊಳ್ಳುವುದು ಒಳ್ಳೆಯದು. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಫಿಲ್ಟರಿನ ಧೂಳನ್ನೂ ಆಗಾಗ ತೊಳೆಯುತ್ತಿರಬೇಕು.

ಸಾಗರದಿಂದ: ಮಲೆನಾಡಿನಲ್ಲಿ ಬಿಲ್ಲು ಏರುವುದು ಮಳೆಗಾಲದಲ್ಲಿ. ಮೋಡ ಮುಚ್ಚಿದ ದಿನಗಳಲ್ಲಿ ಸೋಲಾರ್ ನೀರು ಕಾಯದೆ, ಅದರೊಳಗಿನ ವಿದ್ಯುತ್ ಕಾಯಿಲನ್ನು ಹಾಕಿ ಮರೆತುಬಿಟ್ಟರೆ, ಇಡೀ ಟ್ಯಾಂಕಿನ ನೀರು ಹಗಲೂ ರಾತ್ರಿ ಕಾಯುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಜೂನ್ ಬಂದ ಕೂಡಲೇ ಆ ಸ್ವಿಚ್ಚನ್ನು ಆರಿಸಿ, ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆಯಲ್ಲಿ ನೀರು ಕಾಯಿಸುತ್ತೇವೆ. ರಾಯಚೂರಿನ ಸಹೋದರಿಗೆ ಹೇಳುವುದಿಷ್ಟೆ: ಬಿಲ್ಲಿನ ದಿನದಿಂದ ಪ್ರತಿ ವಾರ ಮೀಟರಿನ ಅಂಕಿಯನ್ನು ಬರೆದಿಡಿ. ವಾರಕ್ಕೆ 45 ಯೂನಿಟ್ ಮೀರುತ್ತಿದ್ದರೆ, ತಿಂಗಳ ಕೊನೆಯವರೆಗೆ ಕಾಯದೆ ಆಗಲೇ ಇಸ್ತ್ರಿ, ಗೀಸರುಗಳ ಬಳಕೆ ತಗ್ಗಿಸಬಹುದು.