ಕೀಪ್-ಅಲೈವ್‌ಗೆ ಕನ್ನಡದಾಗ ಏನಂತೀರಿ? ತಂಗಳ ಬ್ಯಾರೆ, ಹಳಸಿದ್ದು ಬ್ಯಾರೆ

ಎಲ್ಲಾರಿಗೂ ನಮಸ್ಕಾರ್ರಿ, ಗಂಗಾವತಿಯಿಂದ ಒಂದು ಪದದ ತಕರಾರು ತಂದೀನಿ. ಇಲ್ಲಿ ಒಂದು ರೈಸ್ ಮಿಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡ್ಕೊಂತೀನಿ, ಆಫೀಸಿನ ಕಂಪ್ಯೂಟರ್ ದೂರದ ಸರ್ವರ್‌ಗೆ ಎಕ್ಸ್‌ಎಂಎಲ್-ಆರ್‌ಪಿಸಿ (ನೆಟ್‌ವರ್ಕ್ ಮ್ಯಾಲೆ ಬ್ಯಾರೆ ಕಂಪ್ಯೂಟರಿಗೆ ಕೆಲಸ ಹೇಳೋ ಒಂದು ರೀತಿ) ಕಾಲ್ ಮಾಡ್ತೈತಿ, ಬಿಲ್ಲಿಗೊಂದು ಹೊಸಾ ಕನೆಕ್ಷನ್ ಮಾಡ್ಕೊಂತ ಕುಂತ್ರ ತಡ ಆಗ್ತೈತಂತ ಒಮ್ಮೆ ತೆಗದಿದ್ದನ್ನ ಮುಚ್ಚದಂಗ ಇಟ್ಕೊಂಡು ಅದ್ರಾಗೇ ಎಲ್ಲಾ ಕಳಸ್ತೈತಿ, ಇದಕ್ಕೇ ಕೀಪ್-ಅಲೈವ್ ಅನ್ನೋದು. ವೆಬ್ಬಿನ ಮಾತುಕತಿ ನಿಯಮ ಎಚ್‌ಟಿಟಿಪಿ, ಅದರ 1997ರ 1.1 ಆವೃತ್ತಿಯಿಂದ ಇದು ತಾನಾಗೇ ಆಗೋದು, ಬ್ಯಾಡಾದ್ರ ಮಾತ್ರ ಕ್ಲೋಸ್ ಅಂತ ಹೇಳ್ಬೇಕು.

ಆಪರೇಟರ್ ಕಂಪ್ಲೇಂಟ್ ಏನಂದ್ರ, ಒಂದರ ಹಿಂದ ಒಂದು ಬಿಲ್ ಹೊಡದ್ರ ಏನೂ ಇಲ್ಲ, ಚಾ ಕುಡದು ಬಂದು ಹೊಡದ್ರ ಮೊದಲನೇದು ಎರರ್, ಎರಡನೇದು ಓಕೆ. ನೋಡಿದ್ರ ಆ ಕಡೆ ಇರೋದು ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಸಾಫ್ಟ್‌ವೇರ್, ಅದರ ಡಿಫಾಲ್ಟ್ 75 ಸೆಕೆಂಡ್, ಅಷ್ಟೊತ್ತು ಸುಮ್ನಿದ್ರ ಬಾಗಲಾ ಹಾಕ್ಕೊಂಡ್ಬಿಡ್ತೈತಿ, ನಮ್ಮ ಕಡೆಯಿಂದ ಕಾಲ್ ಮಾಡೋ ಹಳೇ ಪ್ರೋಗ್ರಾಮು (ಕ್ಲೈಂಟು) ಅದನ್ನ ನೋಡದ ಮುಚ್ಚಿದ ಬಾಗಲಿಗೇ ಬಿಲ್ ಒಗೀತಿತ್ತು. ಈಗ 60 ಸೆಕೆಂಡ್ ಖಾಲಿ ಇದ್ರ ನಾವೇ ಮೊದ್ಲು ಬಿಡೋಹಂಗ ಮಾಡೀನಿ. ಎರರ್ ಬಂದ್ರ ತಾನೇ ಇನ್ನೊಮ್ಮೆ ಕಳಸಲಿ ಅಂತಾರ ಕೆಲವ್ರು, ಆದ್ರ ಅದು ಪೋಸ್ಟ್ ರಿಕ್ವೆಸ್ಟ್ರಿ, ಅಂದ್ರ ಸರ್ವರಿಗೆ ಬಿಲ್ ಕಳಸಿ ಕೆಲಸ ಮಾಡಸೋದು, ಒಮ್ಮೊಮ್ಮೆ ಸರ್ವರ್ ಕೆಲಸ ಮುಗಿಸಿ ಉತ್ತರ ಕೊಡೋದ್ರಾಗ ಲೈನ್ ಕಡದಿರ್ತೈತಿ, ಅಂಥಾದ್ರಾಗ ಒಂದೇ ಲೋಡಿಗೆ ಎರಡು ಬಿಲ್ಲಾದ್ರ ಮಾಲಕರಿಗೆ ಉತ್ತರ ಕೊಡೋರ್ಯಾರು?

ರಿಪೇರಿ ಆತು, ಆಪರೇಟರ್‌ಗೆ ಕನ್ನಡದಾಗ ಒಂದು ಪುಟ ಬರೀಬೇಕು, ಅಲ್ಲೇ ಸಿಕ್ಕೊಂಡೀನಿ. "ಶಾಶ್ವತ ಸಂಪರ್ಕ" ಅಂದ್ರ ಸುಳ್ಳಾಗ್ತೈತಿ, 75 ಸೆಕೆಂಡಿಗೆ ಹೋಗೋದು ಎಂಥಾ ಶಾಶ್ವತ? "ನಿರಂತರ" ಅಂದ್ರ ಡಾಟಾ ಹರೀತಾನೇ ಇರ್ತೈತಿ ಅನ್ನಿಸ್ತೈತಿ. "ಜೀವಂತ" ಅನ್ನೋಣಂದ್ರ ಎಚ್‌ಟಿಟಿಪಿಯ ಕೆಳಗ ಕನೆಕ್ಷನ್ ನಡಸೋ ಟಿಸಿಪಿ ಒಳಗ ಇನ್ನೊಂದು ಕೀಪ್-ಅಲೈವ್ ಐತಿ, ಅದು ಅತ್ತಗಿನವ ಇನ್ನೂ ಅದಾನಿಲ್ಲೋ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡೋ ಕೆಲಸ, ಲಿನಕ್ಸ್‌ನಾಗ ಡಿಫಾಲ್ಟ್ ಇದ್ರ ಅದು ಶುರುವಾಗೋದೇ 7200 ಸೆಕೆಂಡ್ ಆದಮ್ಯಾಲೆ. ಜೀವದ ಮಾತು ಅದಕ್ಕೇ ಸರಿ ಅನ್ನಸ್ತೈತಿ ನನಗ.

ನನಗ ಹೊಳದದ್ದು ಅಡಗಿ ಮನಿ ಪದ. ನಿನ್ನೆ ಉಳದ ರೊಟ್ಟಿ ತಂಗಳ, ಮೊಸರ ಹಚ್ಕೊಂಡು ಆರಾಮ ತಿಂತೀವಿ. ಅನ್ನ ಹಳಸಿದ್ರ ಮಾತ್ರ ಹೊರಗ. ಬಳಸಿ ಇಟ್ಟಿರೋ ಕನೆಕ್ಷನ್ ತಂಗಳ, ಅದ್ರಾಗ ದೋಷ ಇಲ್ಲ, ಸರ್ವರ್ ಕೈಬಿಟ್ಟಿದ್ದು ಹಳಸಿದ್ದು. ಇಂಗ್ಲಿಷಿನ ಸ್ಟೇಲ್ ಅನ್ನೋದ್ರಾಗ ಎರಡೂ ಕಲಸಿ ಹೋಗ್ತಾವ, ನಮ್ಮಲ್ಲಿ ಬ್ಯಾರೆ ಬ್ಯಾರೆ ಅದಾವ. "ಹಳಸಿದ ಕನೆಕ್ಷನ್" ಅಂತ ಬಾಯಿಲೆ ಹೇಳಿದ್ರ ಆಪರೇಟರ್ ನಕ್ಕ, ಆದ್ರ ತಿಳೀತು. "ತಂಗಳ ಕನೆಕ್ಷನ್" ಅಂದ್ರ ಮಾತ್ರ ಮಾರಿ ಕಿವಿಚಿದ.

ಹಂಗಾಗಿ ತಂಗಳ ಅನ್ನೋ ಬದಲಿಗೆ "ಹಿಡಿದಿಟ್ಟ ಕನೆಕ್ಷನ್" ಅನ್ನಲೇನು? ರಾಯಚೂರು, ಬಳ್ಳಾರಿ ಕಡೆಯವ್ರು ಏನ್ ಬಳಸ್ತೀರಿ ಹೇಳ್ರಿ, ಪುಟ ಸೋಮವಾರ ಪ್ರಿಂಟ್ ಮಾಡಿ ಗ್ವಾಡಿಗೆ ಅಂಟಸ್ಬೇಕು.