ಕುಶಾಲನಗರ: ಹೊಸ ಇನ್ವರ್ಟರ್ ಎ.ಸಿ., ರೂಮು ತಣ್ಣಗಾಗ್ತಿಲ್ಲ, ಮೀಟರ್ ಮಾತ್ರ ಓಡ್ತಿದೆ

ಹಾರಂಗಿ_ದಂಡೆ:
ಎಲ್ಲರಿಗೂ ನಮಸ್ಕಾರ. ಮಡಿಕೇರಿಯವರಿಗೆ ಎ.ಸಿ. ಯಾಕೆ ಅನ್ನಿಸಬಹುದು, ಆದರೆ ಘಟ್ಟ ಇಳಿದ ನಮ್ಮ ಕಡೆ ಮಾರ್ಚ್-ಏಪ್ರಿಲ್ ಸೆಕೆ ಬೇರೆಯೇ. ಅಮ್ಮನಿಗೆ ರಾತ್ರಿ ನಿದ್ದೆ ಬರ್ತಿಲ್ಲ ಅಂತ ಫೆಬ್ರವರಿಯಲ್ಲಿ ಅವರ ರೂಮಿಗೆ 1 ಟನ್, 5 ಸ್ಟಾರ್ ಇನ್ವರ್ಟರ್ ಸ್ಪ್ಲಿಟ್ ಹಾಕಿಸಿದೆ. ರೂಮು 10×12 ಅಡಿ, ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬ್. 24ಕ್ಕೆ ಇಟ್ಟರೂ 27ರ ಕೆಳಗೆ ಇಳಿಯಲ್ಲ. ಸಬ್ ಮೀಟರ್ ಹಾಕಿ ನೋಡಿದೆ, ರಾತ್ರಿ 9 ಗಂಟೆಗೆ ಹತ್ತಿರ ಹತ್ತಿರ 8 ಯೂನಿಟ್! ಹಾಕಿದವರು "ಗ್ಯಾಸ್ ಕಡಿಮೆ ಇರಬೇಕು, ತುಂಬಿಸೋಣ" ಅಂತಿದ್ದಾರೆ. ಎರಡೇ ತಿಂಗಳಿಗೆ ಗ್ಯಾಸ್ ಖಾಲಿ ಆಗುತ್ತಾ?

ಪೇಟೆ_ಮೆಕ್ಯಾನಿಕ್ (ವಿರಾಜಪೇಟೆ):
ಸರ್, ಸದ್ಯಕ್ಕೆ ಗ್ಯಾಸ್ ತುಂಬಿಸಬೇಡಿ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ, ಅದೇ ಗ್ಯಾಸ್ ಪೈಪಿನೊಳಗೆ ಸುತ್ತುತ್ತಲೇ ಇರುತ್ತೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ ಅಂತ ಅರ್ಥ. ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ವರ್ಷ ಮತ್ತೆ ಅದೇ ಕಥೆ.

ನಿಮ್ಮ ಲೆಕ್ಕ ಇನ್ನೊಂದು ವಿಷಯ ಹೇಳ್ತಿದೆ. ಇನ್ವರ್ಟರ್ ಮೆಷಿನ್ ರೂಮು ತಣ್ಣಗಾದ ಮೇಲೆ ಕಂಪ್ರೆಸರ್ ವೇಗ ಇಳಿಸಬೇಕು, ಉಳಿತಾಯ ಆಗೋದೇ ಅಲ್ಲಿ. ನಿಮ್ಮದು ಬೆಳಗಿನವರೆಗೂ ಫುಲ್ ಲೋಡಿನಲ್ಲೇ ಓಡ್ತಿದೆ. ಔಟ್‌ಡೋರ್ ಎಲ್ಲಿಟ್ಟಿದ್ದಾರೆ? ಹಾಕುವಾಗ ಪೈಪಿನೊಳಗಿನ ಗಾಳಿ ಎಳೆದು ತೆಗೆಯೋ ವ್ಯಾಕ್ಯೂಮ್ ಪಂಪ್ ತಂದಿದ್ರಾ? ತಾಮ್ರದ ಎರಡೂ ಪೈಪಿಗೆ ಇನ್ಸುಲೇಷನ್ ಇದೆಯಾ?

ಹಾರಂಗಿ_ದಂಡೆ:
ಔಟ್‌ಡೋರ್ ತಾರಸಿ ಮೇಲೆ, ನೀರಿನ ಟ್ಯಾಂಕ್ ಪಕ್ಕ. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಹಾಳಾಗಬಾರದು ಅಂತ ವೆಲ್ಡರ್ ಹತ್ತಿರ ಜಿಂಕ್ ಶೀಟಿನ ಗೂಡು ಮಾಡಿಸಿದ್ದೇನೆ. ಮೇಲೆ, ಹಿಂದೆ, ಎರಡೂ ಪಕ್ಕ ಶೀಟು, ಮುಂದೆ ಜಾಲರಿ ಬಾಗಿಲು. ಪಂಪ್ ತಂದಿರಲಿಲ್ಲ. ನಟ್ ಸಡಿಲಿಸಿ ಸುಯ್ ಅಂತ ಸ್ವಲ್ಪ ಗ್ಯಾಸ್ ಬಿಟ್ಟು ಮತ್ತೆ ಬಿಗಿ ಮಾಡಿದರು. ದಪ್ಪ ಪೈಪಿಗೆ ಕಪ್ಪು ಫೋಮ್ ಇದೆ. ಸಣ್ಣದು ಬರಿದು, ಬೆವರಿ ತೊಟ್ಟಿಕ್ಕುತ್ತೆ.

ಪೇಟೆ_ಮೆಕ್ಯಾನಿಕ್:
ಮೊದಲು ಆ ಗೂಡು ತೆಗೆಸಿ ಸರ್. ಔಟ್‌ಡೋರ್ ಹಿಂದಿನಿಂದ ಮತ್ತು ಪಕ್ಕದಿಂದ ಗಾಳಿ ಎಳೆದು, ರೂಮಿನ ಬಿಸಿಯನ್ನೆಲ್ಲ ಮುಂದಕ್ಕೆ ಊದುತ್ತೆ. ಗೂಡಿನೊಳಗೆ ಊದಿದ ಬಿಸಿಗಾಳಿ ಜಾಲರಿಗೆ ತಾಗಿ ತಿರುಗಿ ಹಿಂದಕ್ಕೇ ಬರುತ್ತೆ, ಮೆಷಿನ್ ಅದನ್ನೇ ಮತ್ತೆ ಎಳೆಯುತ್ತೆ. ಬಿಸಿಗಾಳಿಗೆ ಬಿಸಿ ದಾಟಿಸಬೇಕಾದರೆ ಕಂಪ್ರೆಸರ್ ಎಷ್ಟು ಒದ್ದಾಡಬೇಕು ನೋಡಿ. ಮಳೆಯಲ್ಲಿ ನೆನೆಯಲಿ ಅಂತಲೇ ಕಂಪನಿಯವರು ಅದನ್ನು ಮಾಡಿರುತ್ತಾರೆ, ನಮ್ಮ ಊರಿನ ಮಳೆಯಿಂದ ಕೆಟ್ಟಿದ್ದು ನಾನು ಕಂಡಿಲ್ಲ. ಗೂಡಿನಲ್ಲಿ ಉಸಿರುಗಟ್ಟಿ ಹೋದ ಬೋರ್ಡುಗಳನ್ನು ಬೇಕಾದಷ್ಟು ಬಿಚ್ಚಿದ್ದೇನೆ. ಬಿಸಿಲಿಗೆ ನೆರಳು ಬೇಕಾದರೆ ಎತ್ತರದಲ್ಲಿ ಒಂದು ಶೀಟು ಸಾಕು, ನಾಲ್ಕೂ ಕಡೆ ತೆರೆದಿರಲಿ.

ಎರಡನೆಯದು ವ್ಯಾಕ್ಯೂಮ್. ಪಂಪ್ ಹಾಕದಿದ್ದರೆ ಪೈಪಿನೊಳಗೆ ಗಾಳಿ, ತೇವ ಎರಡೂ ಉಳಿಯುತ್ತೆ. ಗಾಳಿ ಔಟ್‌ಡೋರ್‌ನಲ್ಲಿ ಬಿಸಿ ಹೊರಹಾಕೋ ಕಂಡೆನ್ಸರ್‌ನಲ್ಲಿ ಕೂತು ಪ್ರೆಶರ್ ಏರಿಸುತ್ತೆ, ತೇವ ಕಂಪ್ರೆಸರ್ ಆಯಿಲ್ ಕೆಡಿಸುತ್ತೆ. ಗ್ಯಾಸ್ ಒಳಗಿರುವಾಗಲೇ ಪೈಪಿನ ತುದಿ ಕೂಡಿಸುವ ಫ್ಲೇರ್ ನಟ್‌ಗಳಿಗೆ ಸೋಪು ನೀರು ಹಾಕಿ ಗುಳ್ಳೆ ನೋಡಿಸಿ, ಆಮೇಲೆ ಇದ್ದ ಗ್ಯಾಸ್ ತೆಗೆಸಿ, ಪಂಪ್ ಹಾಕಿ ಒಳಗಿನ ಪ್ರೆಶರ್ 500 ಮೈಕ್ರಾನ್ (ವ್ಯಾಕ್ಯೂಮ್ ಅಳೆಯೋ ಲೆಕ್ಕ) ಕೆಳಗೆ ಎಳೆಸಿ. ಆಮೇಲೆ ನೇಮ್ ಪ್ಲೇಟಿನಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ಹಾಕಿಸಿ, ಅಂದಾಜಿಗೆ ಬೇಡ. ನಿಮ್ಮದು ಆರ್32 ಆಗಿದ್ದರೆ ಅದು ಬೆಂಕಿಗೆ ಹೊತ್ತಿಕೊಳ್ಳುವ ಗ್ಯಾಸ್, ಸುಯ್ ಅಂತ ಬಿಡೋದು ಸರಿಯಲ್ಲ.

ಸಣ್ಣ ಪೈಪಿಗೂ ಬೇರೆಯಾಗಿ ಫೋಮ್ ಬೇಕು. ಸ್ಪ್ಲಿಟ್‌ನಲ್ಲಿ ಗ್ಯಾಸ್ ಹಿಗ್ಗಿ ತಣ್ಣಗಾಗೋದು ಔಟ್‌ಡೋರ್ ಒಳಗೇ, ಹಾಗಾಗಿ ಎರಡೂ ಪೈಪು ತಣ್ಣಗೇ ಇರುತ್ತೆ. ಈಗ ಆ ತಂಪು ತಾರಸಿಗೆ ಹೋಗ್ತಿದೆ.

ಕಾಫಿಹೂವು (ಸಿದ್ದಾಪುರ):
ಅಣ್ಣ, ವೋಲ್ಟೇಜನ್ನೂ ನೋಡಿ. ಕಾಫಿ ಹೂವಿಗೆ ನೀರು ಹಾಯಿಸೋ ಸಮಯದಲ್ಲಿ ಅಕ್ಕಪಕ್ಕದ ತೋಟದ ಮೋಟರ್‌ಗಳು ಶುರುವಾದರೆ ನಮ್ಮ ಲೈನ್ 170ಕ್ಕೆ ಇಳಿಯುತ್ತೆ. ನಿಮ್ಮ ಮೆಷಿನ್ ಎಷ್ಟರವರೆಗೆ ತಡೆಯುತ್ತೆ ಅಂತ ಪುಸ್ತಕದಲ್ಲಿ ನೋಡಿ, ಅದಕ್ಕಿಂತ ಕೆಳಗೆ ಹೋಗೋದಾದರೆ ಸ್ಟೆಬಿಲೈಜರ್ ಬೇಕೇ ಬೇಕು.

ಮಂಜಿನಮನೆ (ಮಡಿಕೇರಿ):
ಮಧ್ಯೆ ಕೇಳ್ತಿದ್ದೇನೆ, ಕ್ಷಮಿಸಿ. ಮಳೆಗಾಲದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಸ್ಟು ಬರುತ್ತೆ. ಎ.ಸಿ. ಹಾಕಿ ಡ್ರೈ ಮೋಡ್‌ನಲ್ಲಿಟ್ಟರೆ ಆಗುತ್ತಾ?

ಪೇಟೆ_ಮೆಕ್ಯಾನಿಕ್:
ಬೇಡ ಅಕ್ಕ. ಡ್ರೈ ಮೋಡ್ ಅಂದರೂ ತಣ್ಣಗೆ ಮಾಡುತ್ತಲೇ ನೀರು ಹಿಂಡೋದು. ಜುಲೈಯಲ್ಲಿ ನಿಮ್ಮ ರೂಮೇ 20 ಡಿಗ್ರಿ ಇದ್ದರೆ ಕಂಪ್ರೆಸರ್ ಸರಿಯಾಗಿ ಓಡೋದೇ ಇಲ್ಲ. ನಿಮಗೆ ಬೇಕಾಗಿರೋದು ಡಿಹ್ಯುಮಿಡಿಫೈಯರ್, ಅದು ಹಿಂಡಿದ ಮೇಲೆ ಗಾಳಿಯನ್ನು ಸ್ವಲ್ಪ ಬೆಚ್ಚಗೇ ಬಿಡುತ್ತೆ. ಬಾಗಿಲು-ಕಿಟಕಿ ಹಾಕಿಟ್ಟು ಓಡಿಸಿ.

ಹಾರಂಗಿ_ದಂಡೆ:
ನಾಲ್ಕು ದಿನ ಆಯ್ತು, ಆಗಿದ್ದನ್ನು ಬರೀತೇನೆ. ಗೂಡು ತೆಗೆಸೋ ಮೊದಲು ರಾತ್ರಿ 10ಕ್ಕೆ ಥರ್ಮಾಮೀಟರ್ ಇಟ್ಟು ನೋಡಿದೆ. ತಾರಸಿ ಮೇಲೆ 26, ಗೂಡಿನೊಳಗೆ ಮೆಷಿನ್ ಹಿಂಬದಿ 43! ಕೈ ಇಟ್ಟರೆ ಶೀಟು ದೋಸೆ ಕಾವಲಿ ಹಾಗಿತ್ತು. ಬರೀ ಗೂಡು ಬಿಚ್ಚಿದ ರಾತ್ರಿಯೇ 8 ಯೂನಿಟ್ ಇದ್ದದ್ದು ಐದೂವರೆಗೆ ಬಂತು. ನಿನ್ನೆ ಬೇರೆಯವರನ್ನು ಕರೆಸಿ ವ್ಯಾಕ್ಯೂಮ್ ಮಾಡಿಸಿದೆ. ಒಂದು ಫ್ಲೇರ್ ನಟ್‌ನಲ್ಲಿ ಸಣ್ಣ ಗುಳ್ಳೆ ಬರ್ತಿತ್ತು, ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಹೊಡೆದರು. ಸಣ್ಣ ಪೈಪಿಗೂ ಫೋಮ್ ಹಾಕಿಸಿದೆ. ರಾತ್ರಿ 4 ಯೂನಿಟ್, ರೂಮು ಅರ್ಧ ಗಂಟೆಯಲ್ಲಿ 24. ಅಮ್ಮ ಬೆಳಿಗ್ಗೆ 6ರವರೆಗೆ ನಿದ್ದೆ ಮಾಡಿದರು. ಹೇಗೆ ಧನ್ಯವಾದ ಹೇಳಲಿ ತಿಳೀತಿಲ್ಲ ಅಣ್ಣ.

ಒಂದೇ ಬಾಕಿ. ರಾತ್ರಿ 11ಕ್ಕೂ ಸೀಲಿಂಗ್ ಮುಟ್ಟಿದರೆ ಬೆಚ್ಚಗಿರುತ್ತೆ.

ಪೇಟೆ_ಮೆಕ್ಯಾನಿಕ್:
ಸಂತೋಷ ಆಯ್ತು ಸರ್. ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕೆಳಗೆ ಬಿಡ್ತಿದೆ. ತಾರಸಿಗೆ ಬಿಸಿಲು ತಡೆಯುವ ಬಿಳಿ ಪೇಂಟ್ ಎರಡು ಕೋಟ್ ಹೊಡೆಸಿ. ಆದರೆ ಮೊದಲು ಪಾಚಿ ಉಜ್ಜಿ ತೆಗೆಸಿ, ಎರಡು ದಿನ ಒಣಗಲಿ, ಇಲ್ಲದಿದ್ದರೆ ಮೊದಲ ಮಳೆಗೇ ಪದರ ಪದರವಾಗಿ ಏಳುತ್ತೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೀರಿ.