ಕೊರವಕ್ಕೆ ಜಿಗ್: ಸೂಳೆಕೆರೆ ಹೂಳಿಗೂ ವಾಣಿವಿಲಾಸದ ಬಂಡೆಗೂ ಒಂದೇ ಟ್ರೈಲರ್ ನಡೆಯುತ್ತಾ?

ಏರಿಮೇಲಿನವ, ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ರಬ್ಬರ್ ಕಪ್ಪೆ ಬಿಟ್ಟು ಸ್ಕರ್ಟ್ ಜಿಗ್‌ನಲ್ಲಿ ಕೊರವ ಮೀನು ಹಿಡಿಯೋ ಪ್ರಯತ್ನ ನಡೀತಿದೆ. ಜಿಗ್ ಅಂದ್ರೆ ಭಾರದ ತಲೆ ಕೂಡಿಸಿದ ಗಾಳ, ಸ್ಕರ್ಟ್ ಅಂದ್ರೆ ಅದರ ಸುತ್ತ ಇಳಿಬಿಟ್ಟ ಎಳೆಗಳು. 10 ಗ್ರಾಂ ಆರ್ಕಿ ಆಕಾರದ ತಲೆ, 4/0 ಅಳತೆಯ ಗಾಳ, ಸಿಲಿಕಾನ್ ಸ್ಕರ್ಟ್, ಮುಂದೆ ಕಳೆಗೆ ಸಿಗದಂತೆ ನೈಲಾನ್ ಬ್ರಷ್. ಮೀಡಿಯಂ ಹೆವಿ ರಾಡ್, 40 ಪೌಂಡ್ ಬ್ರೇಡ್ (ಹೆಣೆದ ಲೈನ್). ಗೊಂದಲ ಇರೋದು ಹಿಂದೆ ಚುಚ್ಚೋ ರಬ್ಬರ್ ಟ್ರೈಲರ್‌ದು.

ಅಮೆರಿಕದ ಬ್ಯಾಸ್ ಮೀನಿನ ವಿಡಿಯೋಗಳಲ್ಲೆಲ್ಲ ತಣ್ಣೀರಿಗೆ ಚಂಕ್ (ಗಿಡ್ಡ, ದಪ್ಪ ಟ್ರೈಲರ್), ಬಿಸಿ ನೀರಿಗೆ ಕ್ರಾ (ಏಡಿ ಥರ ಎರಡು ಕೊಂಡಿ ಇರೋದು) ಅಂತಾರೆ. ನಮ್ಮ ಕಡೆ ಅದನ್ನ ಹೇಗೆ ಅರ್ಥ ಮಾಡ್ಕೋಬೇಕು? ಈಗ ಹಾಕ್ತಿರೋದು 4 ಇಂಚಿನ ಕ್ರಾ. ನಾಲ್ಕೈದು ಸಲ ಎಸೆದರೆ ಜಾರಿ ಗಾಳದ ಬಾಗಿಗೆ ಬಂದು ಮುದುಡಿಕೊಳ್ಳುತ್ತೆ. ಮೀನು ಕಚ್ಚಿದರೂ ಬರೀ ಕೊಂಡಿ ಹರಿದುಕೊಂಡು ಹೋಗುತ್ತೆ, ಗಾಳ ಹತ್ತಲ್ಲ. ಸೂಳೆಕೆರೆ ಅಂಚು ಮತ್ತು ವಾಣಿವಿಲಾಸ ಹಿನ್ನೀರು, ಎರಡಕ್ಕೂ ಹೇಳಿ.

ತೂಬಿನಕಟ್ಟೆ, ದಾವಣಗೆರೆ

ಅಣ್ಣಾ, ಆ ತಣ್ಣೀರು ಬಿಸಿನೀರಿನ ಲೆಕ್ಕ ಮೊದಲು ಪಕ್ಕಕ್ಕಿಡ್ರಿ. ಬ್ಯಾಸ್ ಇರೋ ಎಷ್ಟೋ ಊರುಗಳಲ್ಲಿ ಚಳಿಗಾಲಕ್ಕೆ ನೀರು 10 ಡಿಗ್ರಿಗಿಂತ ಕೆಳಗೆ ಇಳಿಯುತ್ತೆ, ಮೀನು ಮರಗಟ್ಟಿದಂಗೆ ನಿಂತಿರುತ್ತೆ. ಅಲುಗಾಡದ ಚಂಕ್ ಅದಕ್ಕೆ. ನಮ್ಮ ಕೆರೆ ಸಂಕ್ರಾಂತಿ ಹೊತ್ತಿನ ಬೆಳಗಿನ ಜಾವದಾಗೂ ಅಷ್ಟು ತಣ್ಣಗಾಗಲ್ಲ. ಹಂಗಾಗಿ ನಮಗೆ ಟ್ರೈಲರ್ ಆರಿಸೋಕೆ ಬೇರೆ ಅಳತೆ ಬೇಕು: ಜಿಗ್ ಎಷ್ಟು ಬೇಗ ಇಳಿಯುತ್ತೆ, ಇಳಿದು ಎಂಥ ತಳದ ಮೇಲೆ ಕೂರುತ್ತೆ. ಅಲುಗಾಟ ಆಮೇಲೆ, ಬಣ್ಣ ಕೊನೆಗೆ.

ಟ್ರೈಲರ್ ಅಂದ್ರೆ ಒಂದು ಥರದ ಬ್ರೇಕು. ಅಗಲ ಕೊಂಡಿಯ ಕ್ರಾ, ಜೋಡಿ ಬಾಲದ ಗ್ರಬ್ (ಹುಳದಂಥ ರಬ್ಬರ್) ನೀರನ್ನ ತಡೆದು ಜಿಗ್ ನಿಧಾನಕ್ಕೆ ಇಳಿಸುತ್ತೆ. ಸಣ್ಣ ಚಂಕ್ ಹಾಕಿದ್ರೆ ಅದೇ ಜಿಗ್ ಕಲ್ಲಿನಂಗೆ ಇಳಿಯುತ್ತೆ. ಕ್ರಾ ಕೊಂಡಿ ನೆಲಕ್ಕೆ ಸಮವಾಗಿ ಚಪ್ಪಟೆ ಬರಂಗೆ ಚುಚ್ಚಿದ್ರೆ ತೇಲುತ್ತಾ ಇಳಿಯುತ್ತೆ, 90 ಡಿಗ್ರಿ ತಿರುಗಿಸಿ ನಿಲ್ಲಿಸಿ ಚುಚ್ಚಿದ್ರೆ ಸೀಳ್ಕೊಂಡು ಹೋಗುತ್ತೆ. ರಬ್ಬರ್ ಬದಲಿಸದೇನೇ ವೇಗ ಬದಲಿಸೋ ಉಪಾಯ ಇದು.

ಸೂಳೆಕೆರೆ ಅಂಚಿನಾಗೆ ಹೂಳು ಜಾಸ್ತಿ, ಜೊಂಡು, ಪಾಚಿ. 10 ಗ್ರಾಂ ತಲೆಗೆ ಉಪ್ಪು ಬೆರೆಸಿದ ಭಾರದ ಟ್ರೈಲರ್ ಹಾಕಿದ್ರೆ ಪೂರ್ತಿ ಮೆತ್ತಗಿನ ಕೆಸರಾಗೆ ಹುದುಗಿಬಿಡುತ್ತೆ, ಮೀನಿಗೆ ಕಾಣೋದೇ ಇಲ್ಲ. ಹಿಂಗ್ ಮಾಡ್ರಿ: ತಲೆ 7 ಗ್ರಾಂಗೆ ಇಳಿಸ್ರಿ, ಟ್ರೈಲರ್ ಟಿಪಿಇ ರಬ್ಬರಿಂದು 3 ಇಂಚು ಹಾಕ್ರಿ. ಎಳೆದ್ರೆ ಜಗ್ಗೋ ಜಾತಿ ಅದು, ನೀರಾಗೆ ತೇಲುತ್ತೆ. ತಲೆ ಕೆಸರಿಗೆ ಊರಿದ್ರೂ ಕೊಂಡಿ ಎರಡೂ ಮೇಲೆ ಎದ್ದು ನಿಂತಿರುತ್ತೆ, ಏಡಿ ಬೆದರಿ ಕೊಂಡಿ ಎತ್ತಿದಂಗೆ. ಕೊರವದ ಹಲ್ಲಿಗೂ ಸಾಮಾನ್ಯ ಪ್ಲಾಸ್ಟಿಕ್‌ಗಿಂತ ಜಾಸ್ತಿ ತಡೆಯುತ್ತೆ.

ಇನ್ನೊಂದು. ಜೊಂಡಿನ ನಡುವಿನ ಕಿಂಡಿಗೆ ಬಿಡೋವಾಗ ಲೈನ್ ಬಿಗಿ ಹಿಡಿದ್ರೆ ಜಿಗ್ ನೆಟ್ಟಗೆ ಇಳಿಯಲ್ಲ, ಗಡಿಯಾರದ ಲೋಲಕದಂಗೆ ನಿಮ್ಮ ಕಡೆಗೇ ತೂಗಿ ಬಂದು ಜೊಂಡಿಗೆ ಸಿಗುತ್ತೆ. ನೀರು ಮುಟ್ಟಿದ ಕೂಡಲೇ ಒಂದು ಮೊಳ ಸಡಿಲ ಬಿಡ್ರಿ. ಕಣ್ಣು ಲೈನ್ ಮೇಲಿರಲಿ. ಇಳಿಯೋವಾಗ ಲೈನ್ ಪಕ್ಕಕ್ಕೆ ಸರಿದ್ರೆ, ಇಲ್ಲಾ ಎಣಿಕೆಗಿಂತ ಮೊದ್ಲೇ ನಿಂತ್ರೆ ಮೀನು ಹಿಡಿದಿದೆ ಅಂತಲೇ. ಕಪ್ಪೆ ಲ್ಯೂರ್‌ಗೆ ಕಾಯೋ ಹಂಗೆ ಇಲ್ಲಿ ಕಾಯಬಾರ್ದು, ಸಡಿಲ ಸುತ್ತಿಕೊಂಡು ತಕ್ಷಣ ರಾಡ್ ಎಳೆದು ಹೊಡೀರಿ.

ಬಣ್ಣಕ್ಕೆ ತಲೆ ಕೆಡಿಸ್ಕೋಬೇಡ್ರಿ. ಕದಡಿದ ನೀರಿಗೆ ಕಪ್ಪು-ನೀಲಿ, ತಿಳಿ ನೀರಿಗೆ ಕಂದು-ಹಸಿರು. ಎರಡು ಪಾಕೆಟ್ ಸಾಕು. ಅಂಗಡಿಯಾಗೆ ನೇತು ಹಾಕಿರೋ ಇಪ್ಪತ್ತು ಬಣ್ಣ ಮೀನಿಗಲ್ಲ, ನಮಗೆ.

ಗಂಟುಬಿಚ್ಚು, ಹರಿಹರ

ಜಾರೋದು, ಕೊಂಡಿ ಮಾತ್ರ ಕಚ್ಚೋದು ಎರಡೂ ಚುಚ್ಚೋ ತಪ್ಪು. 4 ಇಂಚು ನಿಮ್ಮ ಜಿಗ್‌ಗೆ ಉದ್ದವಾಯ್ತು.

ಟ್ರೈಲರ್ ಮೂತಿಯನ್ನ ತಲೆ ಹಿಂದಿನ ಕೊರಳಿಗೆ ತಾಗಿಸಿ ಗಾಳದ ಪಕ್ಕದಲ್ಲಿ ಹಿಡಿಯಿರಿ. ಗಾಳ ಬಾಗಲು ಶುರುವಾಗೋ ಜಾಗಕ್ಕೆ ನೇರವಾಗಿ ರಬ್ಬರ್ ಮೇಲೆ ಉಗುರಿಂದ ಗೀರಿ. ಮೂತಿಯ ನಟ್ಟ ನಡುವೆ ಮೊನೆ ಚುಚ್ಚಿ, ಸೂಜಿಗೆ ಹೂ ಏರಿಸಿದ ಹಾಗೆ ನೇರ ಏರಿಸಿ, ಆ ಗೀರಲ್ಲೇ ಹೊರಗೆ ತೆಗೆಯಿರಿ. ಗೀರು ದಾಟಿ ತೆಗೆದರೆ ರಬ್ಬರ್ ಮುದುಡುತ್ತೆ. ಗೀರಿಗಿಂತ ಮೊದಲೇ ತೆಗೆದರೆ ಕೊರಳವರೆಗೆ ಎಳೆದು ಹಿಗ್ಗಿಸಬೇಕಾಗುತ್ತೆ, ಎರಡನೇ ಮೀನಿಗೆ ಮೂತಿ ಹರಿಯುತ್ತೆ. ಕೂಡಿಸೋ ಮೊದಲು ಕೊರಳನ್ನ ಬಟ್ಟೆಯಲ್ಲಿ ಒರೆಸಿ ಫೆವಿಕ್ವಿಕ್ ಒಂದೇ ಹನಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಇದು ಮಾಮೂಲಿ ಪ್ಲಾಸ್ಟಿಕ್‌ಗೆ. ಟಿಪಿಇಗೆ ಅಂಟು ಸರಿಯಾಗಿ ಹಿಡಿಯಲ್ಲ, ಅದಕ್ಕೆ ಕೊರಳಲ್ಲಿ ಮುಳ್ಳಿರೋ ಜಿಗ್ಗೇ ಬೇಕು.

ಈಗ ಗಾಳದ ಬಾಗಿನಿಂದ ಕೊಂಡಿ ತುದಿವರೆಗೆ ಅಳೆಯಿರಿ. ಬರೀ ಬಾಲ ಕಚ್ತಾ ಇದ್ದರೆ ಅದು 4 ಸೆಂ.ಮೀ. ದಾಟದಿರಲಿ. ಜಾಸ್ತಿ ಇದ್ದರೆ ಬಾಲದ ಕಡೆ ಕೈ ಹಾಕಬೇಡಿ, ಆಟ ಇರೋದೇ ಅಲ್ಲಿ. ಮೂತಿ ಕಡೆ ಒಂದು ಸೆಂ.ಮೀ. ಬ್ಲೇಡಲ್ಲಿ ಕತ್ತರಿಸಿ ಮತ್ತೆ ಚುಚ್ಚಿ. ಸ್ಕರ್ಟ್ ಕೂಡ ಗಾಳದ ಬಾಗು ದಾಟಿ ಒಂದು ಬೆರಳಗಲಕ್ಕೆ ಕತ್ತರಿಸಿ.

ಗಾಳದ ಬಾಯಿ ನೋಡಿದ್ರಾ? ದಪ್ಪ ಹೊಟ್ಟೆಯ ಟ್ರೈಲರ್ ಮೊನೆಗೂ ಕಾಂಡಕ್ಕೂ ನಡುವಿನ ಜಾಗ ತುಂಬಿಬಿಟ್ಟರೆ ಎಷ್ಟು ಜೋರಾಗಿ ಹೊಡೆದರೂ ಮೊನೆ ಊರಲ್ಲ. ಅರ್ಧಕ್ಕಿಂತ ಹೆಚ್ಚು ಖಾಲಿ ಇರಲಿ. ಬ್ರಷ್ ಕೂಡ ಅಂಗಡಿಯಿಂದ ತಂದ ಹಾಗೇ ಹಾಕಬೇಡಿ: ಮೊನೆಗಿಂತ 3-4 ಮಿ.ಮೀ. ಮೇಲಿರುವಂತೆ ಕತ್ತರಿಸಿ, ಎಳೆಗಳನ್ನ ಬೀಸಣಿಗೆ ಥರ ಎರಡೂ ಬದಿಗೆ ಹರಡಿ. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೂ ಬಾಗದಿದ್ದರೆ ಮೂರರಲ್ಲೊಂದು ಪಾಲು ಎಳೆ ಬುಡದಲ್ಲೇ ಕತ್ತರಿಸಿ.

ಮಾರಿಕಣಿವೆ_ಗಾಳ, ಹಿರಿಯೂರು

ವಾಣಿವಿಲಾಸದ ಮಾತು ನನ್ನದು. ಎರಡು ಗುಡ್ಡದ ನಡುವೆ ಕಟ್ಟಿದ ಅಣೆಕಟ್ಟು, ಹಾಗಾಗಿ ಗುಡ್ಡ ನೀರಿಗಿಳಿದ ಅಂಚಲ್ಲೆಲ್ಲ ಕಲ್ಲು, ಇಳಿಜಾರು, ಆಳ. ಆರ್ಕಿ ತಲೆ ಕಲ್ಲಿನ ಸಂದಿಗೆ ಸಿಗುತ್ತೆ. 14 ಗ್ರಾಂ ಫುಟ್‌ಬಾಲ್ ತಲೆ ತಗೊಳ್ಳಿ, ಅಡ್ಡಕ್ಕೆ ಅಗಲ ಇರೋದರಿಂದ ಸಂದಿಗೆ ಬೀಳದೆ ಕಲ್ಲಿನ ಮೇಲೆ ಉರುಳುತ್ತೆ. ಅದಕ್ಕೆ ಸಣ್ಣ ಚಂಕ್ ಅಥವಾ ಕೊಂಡಿ ಕಿರಿದಾದ ಕ್ರಾ. ಅಗಲದ್ದು ಹಾಕಿದರೆ ತಳ ಮುಟ್ಟೋದೇ ತಡ, ಗಾಳಿಗೆ ಲೈನ್ ಬಿಲ್ಲಿನ ಹಾಗೆ ಬಾಗಿ ಏನೂ ಗೊತ್ತಾಗಲ್ಲ.

ಬ್ರೇಡನ್ನ ನೇರ ಜಿಗ್‌ಗೆ ಕಟ್ಟಬೇಡಿ. ಕಲ್ಲಿಗೆ ಉಜ್ಜಿದರೆ ದಾರದ ಹಾಗೆ ತುಂಡಾಗುತ್ತೆ. 25 ಪೌಂಡಿನ ಫ್ಲೋರೋಕಾರ್ಬನ್ ಲೈನ್ ಒಂದೂವರೆ ಮೀಟರ್ ಮುಂದೆ ಕಟ್ಟಿ, ನಾಲ್ಕೈದು ಎಸೆತಕ್ಕೊಮ್ಮೆ ಕೊನೆಯ ಗೇಣನ್ನ ಬೆರಳಲ್ಲಿ ಸವರಿ ನೋಡಿ. ತರಿತರಿ ಹತ್ತಿದರೆ ಕತ್ತರಿಸಿ ಮತ್ತೆ ಕಟ್ಟಿ.

ಬೇಸಿಗೆ ಎಚ್ಚರ. ಏಪ್ರಿಲ್ ಬಿಸಿಲಲ್ಲಿ ಕಾರೊಳಗೆ ಬಿಟ್ಟ ಟ್ರೈಲರ್ ಎಣ್ಣೆ ಬಿಟ್ಟು ಬಾಲ ಸೊಟ್ಟಗಾಗುತ್ತೆ. ಸೊಟ್ಟ ಬಾಲದ ಜಿಗ್ ನೀರಲ್ಲಿ ಗಿರಗಿರ ತಿರುಗಿ ಲೈನ್ ಹುರಿಗಟ್ಟುತ್ತೆ. ಕುದಿಸಿ ಇಳಿಸಿದ ನೀರಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ, ತಟ್ಟೆ ಮೇಲೆ ನೆಟ್ಟಗೆ ಮಲಗಿಸಿ, ತಣ್ಣೀರು ಸುರಿಯಿರಿ, ಸರಿಹೋಗುತ್ತೆ.

ಏರಿಮೇಲಿನವ, ಚನ್ನಗಿರಿ

ಅಳತೆ ಹಾಕಿದೆ, ಬಾಗಿನಿಂದ ತುದಿಗೆ 7 ಸೆಂ.ಮೀ. ಇತ್ತು! ಟಿಪಿಇದು ತರಿಸ್ತೀನಿ. ಹಳೇ ಡಬ್ಬೀಲೇ ಇಡಬಹುದಾ?

ಗಂಟುಬಿಚ್ಚು, ಹರಿಹರ

ಬೇಡ್ವೇ ಬೇಡ. ಟಿಪಿಇ, ಮಾಮೂಲಿ ಪ್ಲಾಸ್ಟಿಕ್ ಒಂದಕ್ಕೊಂದು ತಾಗಿದರೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಳ್ಳುತ್ತವೆ. ಅದರದ್ದೇ ಪಾಕೆಟ್‌ನಲ್ಲಿ ಬೇರೆ ಇಡಿ. ತ್ರಿಕೋನದೊಳಗೆ 5 ಅಂತ ಅಚ್ಚಿರೋ ಡಬ್ಬಿ ನಡೆಯುತ್ತೆ. ಗಾಜಿನಂತೆ ಹೊಳೆಯೋ ಪೆಳಸು ಡಬ್ಬಿ ತಾನೇ ಕರಗುತ್ತೆ. ಮನೆಗೆ ಬಂದ ಮೇಲೆ ಜಿಗ್‌ನಿಂದ ಟ್ರೈಲರ್ ಬಿಚ್ಚಿಡಿ, ಉಪ್ಪಿನ ಜಾತಿದಾದರೆ ರಾತ್ರಿ ಕಳೆಯೋದರೊಳಗೆ ಗಾಳಕ್ಕೆ ತುಕ್ಕು.

ತೂಬಿನಕಟ್ಟೆ, ದಾವಣಗೆರೆ

ಎರಡು ಮಾತು ಬಿಟ್ಟಿದ್ದೆ. ಕೆರೆ ಮೀನಿನ ಗುತ್ತಿಗೆ ಹಿಡಿದವರನ್ನ ಕೇಳಿಯೇ ಗಾಳ ಹಾಕ್ರಿ. ಮತ್ತೆ ಮಳೆಗಾಲದಾಗೆ ನೀರ ಮೇಲೆ ಕೊರವದ ಕೆಂಪು ಮರಿಗಳ ಗುಂಪು ಕುದಿಯೋ ಹಂಗೆ ಕಂಡ್ರೆ ಅಲ್ಲಿ ಜಿಗ್ ಬಿಡಬೇಡ್ರಿ. ಕೆಳಗೆ ತಾಯಿ ತಂದೆ ಕಾಯ್ತಿರ್ತಾವೆ, ಏನು ಹಾಕಿದ್ರೂ ಕಚ್ಚುತ್ತವೆ. ಅವನ್ನ ಎತ್ತಿದ್ರೆ ಮರಿಗಳನ್ನ ಉಳಿದ ಮೀನು ಬೇಗನೆ ಖಾಲಿ ಮಾಡ್ತಾವೆ.